ಕಾನೂನು ವಿಧಿಸಿದ ಪಾಠ

ಶಾಲೆಯ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ವಾಚಕರೆಲ್ಲರೂ ಬಲ್ಲರು. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಕಡೆಯ ಹುಡುಗನಿಗೂ ಬಯಲುಸೀಮೆಯ ವಿಜಯಪುರದ ಹುಡುಗಿಗೂ ಸರಕಾರಿ ಶಾಲೆಯಲ್ಲಿ ದೊರೆಯುವ ವಿಷಯಗಳು ಹೆಚ್ಚುಕಡಮೆ ಒಂದೇ. ಇವುಗಳನ್ನು ಆರಿಸುವವರು ಯಾರು? ಉಪಾಧ್ಯಾಯರಲ್ಲ, ಊರಿನ ಹಿರಿಯರೂ ಅಲ್ಲ. ಕೆಲವನ್ನಂತೂ ಕಲಿಸಲೇಬೇಕೆಂದು ಕಾನೂನೇ ವಿಧಿಸಿದೆ.

ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಆದ ಪ್ರಾಥಮಿಕ ಶಿಕ್ಷಣದ ಶಾಸನದ ಮುಖ್ಯ ಗುರಿ ಮಕ್ಕಳನ್ನು ಶಾಲೆಗೆ ಬರಮಾಡುವುದಾಗಿತ್ತು. ಬಂದ ಮಗು ಏನನ್ನು ಕಲಿಯಬೇಕೆಂಬುದನ್ನೂ ಈಗಿನ ಕಾನೂನುಗಳು ಹೇಳುತ್ತವೆ. ಕನ್ನಡವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸತಕ್ಕದ್ದೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ವಿಧಿಸಿತು. ಆದರೆ ವಿಜ್ಞಾನದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದು ಪರಿಸರದ ಪಾಠ.

1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿ ಪ್ರಜೆಯ ಕರ್ತವ್ಯಗಳು ಸೇರಿದವು. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಅವುಗಳಲ್ಲೊಂದು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಮತ್ತೊಂದು. 1983ರಲ್ಲಿ ರಚಿತವಾಗಿ 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮದ 7ನೆಯ ಪ್ರಕರಣವು ಈ ಕರ್ತವ್ಯಗಳ ಅರಿವನ್ನು ಪಠ್ಯಕ್ರಮದ ಉದ್ದೇಶಗಳಲ್ಲಿ ಸೇರಿಸಿದೆ. ನ್ಯಾಯವಾದಿ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂದಿತು. 2003ರಲ್ಲಿ ಅದನ್ನು ಪುನಃ ಒತ್ತಿಹೇಳಿತು.

ಇಷ್ಟರಿಂದ ಪಾಠಪುಸ್ತಕವೊಂದು ಹೆಚ್ಚಿತೆಂದು ತಿಳಿದರೆ ಕಾನೂನಿನ ಅರ್ಧವನ್ನು ಮಾತ್ರ ಓದಿದಂತಾಯಿತು. 2009ರ ಶಿಕ್ಷಣ ಹಕ್ಕು ಅಧಿನಿಯಮದ 29ನೆಯ ಪ್ರಕರಣವು ಮಗು ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಗಳ ಮೂಲಕ ಕಲಿಯಬೇಕೆನ್ನುತ್ತದೆ. ಅಂದರೆ ಏನನ್ನು ಎಂಬುದರ ಜೊತೆಗೆ ಹೇಗೆ ಎಂಬುದೂ ಕಾನೂನಿನ ಮಾತೇ ಆಗಿದೆ.

ಇದನ್ನು ಮಲೆನಾಡಿಗೆ ಅನ್ವಯಿಸಿ ನೋಡೋಣ. ನೇರ ಗೋಡೆಯ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು, ಬಿದ್ದ ನೀರಿನ ಎತ್ತರವನ್ನು ಅಳೆದರೆ ಅದೇ ಮಳೆಯ ಪ್ರಮಾಣ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ದಿನವೊಂದಕ್ಕೆ 100 ಮಿಲಿಮೀಟರ್ ಸುರಿದರೆ ಒಂದು ಎಕರೆ ತೋಟದ ಮೇಲೆ ಬಿದ್ದದ್ದು ಸುಮಾರು ನಾಲ್ಕು ಲಕ್ಷ ಲೀಟರ್! ಅಡಿಕೆಯ ಕೊಳೆರೋಗವೂ ಮಳೆಯೊಡನೆಯೇ ಬರುವುದು. ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗವನ್ನು ವಿವರಿಸಿದರು. ಬೂಷ್ಟನ್ನು ಹೋಲುವ ಜೀವಿಯೊಂದು ಇದಕ್ಕೆ ಕಾರಣ. ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮಳೆಗೆ ಮುನ್ನ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತ-ಸುಣ್ಣಗಳ ಬೋರ್ಡೋ ದ್ರಾವಣವು ಅವು ಮೊಳೆಯದಂತೆ ತಡೆಯುತ್ತದೆ. ಮಳೆಯ ಲೆಕ್ಕವನ್ನೂ ಉದುರಿದ ಕಾಯಿಗಳ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಬರೆದಿಡುವ ವಿದ್ಯಾರ್ಥಿಗೆ ಇವೆರಡರ ಸಂಬಂಧವು ತಾನಾಗಿಯೇ ಹೊಳೆಯುವುದು.

ಇನ್ನೊಂದು ಪಾಠದಲ್ಲಿ ಪ್ರಾಣದ ಪ್ರಶ್ನೆಯೇ ಅಡಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿಯೂ ತಲೆದೋರಿದೆ. ಇದರ ವೈರಾಣುವನ್ನು ಹರಡುವುದು ಕಾಡಿನ ಉಣುಗು. ಮಳೆ ನಿಂತು ನೆಲ ಒಣಗುವ ತಿಂಗಳುಗಳಲ್ಲಿ ಎಳೆಯ ಉಣುಗುಗಳು ತರಗೆಲೆಗಳ ನಡುವೆ ಹೆಚ್ಚುತ್ತವೆ. ಮಂಗಗಳು ಸಾಯುವುದು ರೋಗದ ಮುನ್ಸೂಚನೆ. ಸೊಪ್ಪಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಬೇಕು, ಬಂದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಉಣುಗನ್ನು ಹುಡುಕಿ ತೆಗೆಯಬೇಕು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಇಷ್ಟನ್ನು ಅರಿತ ಮಗು ತನ್ನ ಮನೆಯನ್ನೇ ಕಾಯಬಲ್ಲುದು. ವಿಜಯಪುರದ ಮಗುವಿಗೆ ಇದರ ತುರ್ತು ಇಲ್ಲ. ಅದು ಅರಿಯಬೇಕಾದದ್ದು ಬರವನ್ನು, ಅಂತರ್ಜಲವನ್ನು.

ಇಡೀ ರಾಜ್ಯಕ್ಕಾಗಿ ಬರೆದ ಪುಸ್ತಕವು ಇವೆಲ್ಲವನ್ನೂ ಒಳಗೊಳ್ಳಲಾರದು. ಅದು ಪುಸ್ತಕದ ದೋಷವಲ್ಲ. ಶಾಸನವು ವಿಷಯದ ಹೆಸರನ್ನು ವೇಳಾಪಟ್ಟಿಗೆ ತರಬಲ್ಲುದು. ಅಡ್ಡಗದ್ದೆಯ ಕಾಡಿನಲ್ಲಿ ಉಣುಗು ಯಾವಾಗ ಹೆಚ್ಚುವುದೆಂದು ಬರೆಯಲಾರದು. ಅದನ್ನು ತುಂಬತಕ್ಕವರು ಉಪಾಧ್ಯಾಯರು, ತೋಟದ ರೈತರು, ಊರಿನ ಆರೋಗ್ಯ ಕಾರ್ಯಕರ್ತೆಯರು. ಅವರಿಗೆ ತರಗತಿಯ ಬಾಗಿಲನ್ನು ತೆರೆದಾಗಲೇ ಕಾನೂನಿನ ಉದ್ದೇಶವು ನೆರವೇರಿದಂತೆ.