ನಾಬ್ ತಿರುಗುತ್ತದೆ, ವೇಗ ಬದಲಾಗದು

ಫ್ಯಾನ್ ರೆಗ್ಯುಲೇಟರಿನ ನಾಬ್ ಗರಗರ ತಿರುಗುತ್ತದೆ, ಫ್ಯಾನಿನ ವೇಗ ಮಾತ್ರ ಇದ್ದಷ್ಟೇ. ತೊರವಿಯಿಂದ ವಿಜಯಪುರದ ಪೇಟೆಯವರೆಗೆ ಎಲ್ಲ ಮನೆಗೂ ಗೊತ್ತಿರುವ ಕಿರಿಕಿರಿ ಇದು. ಅಮೆರಿಕದ ಲಯೋನೆಲ್ ಕಂಪನಿ 1948ರಲ್ಲಿ ತಂದ ‘ಜೆಡ್‌ಡಬ್ಲ್ಯೂ’ ಎಂಬ ಆಟಿಕೆ ರೈಲಿನ ಟ್ರಾನ್ಸ್‌ಫಾರ್ಮರಿಗೂ ವಯಸ್ಸಾದಂತೆ ಇದೇ ಕಾಯಿಲೆ.

ಒಳಗಿನ ಯಂತ್ರ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಸವೆದಿರುವುದು ನಾಬ್, ಅಂದರೆ ಹಿಡಿ, ಮತ್ತು ಅದು ಕೂರುವ ಶಾಫ್ಟ್.

ಮೊದಲು ಪ್ಲಗ್ ಕಿತ್ತಿಡಬೇಕು; ಗೋಡೆಯ ರೆಗ್ಯುಲೇಟರಾದರೆ ಮೇನ್ ಸ್ವಿಚ್ ಆರಿಸಬೇಕು. ಹಿಡಿಯ ಬದಿಯಲ್ಲಿ ಪುಟ್ಟ ಸ್ಕ್ರೂ ಇದ್ದರೆ ಬಿಗಿದರೆ ಸಾಕು. ಇಲ್ಲವಾದರೆ ಹಿಡಿ ಕಳಚಿ, ಅದರ ತೂತಿಗೆ ಪ್ಲಾಸ್ಟಿಕ್ಕಿನ ತೆಳು ಚೂರು ಸೇರಿಸಿ ಮತ್ತೆ ಒತ್ತಿ ಕೂರಿಸಬಹುದು. ಅಂಟು ಸುರಿಯುವುದು ಪೆದ್ದತನ; ಒಳಗೆ ಸೋರಿದರೆ ಶಾಫ್ಟೇ ಅಲುಗದು.

ಅಂದಹಾಗೆ, ಅಮೆರಿಕದ ಟ್ರಾನ್ಸ್‌ಫಾರ್ಮರ್ ಸುಮಾರು 115 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಬೇಡಿ, ಸುಟ್ಟುಹೋಗುತ್ತದೆ. ಹಳೆಯ ವೈರಿನ ರಬ್ಬರ್ ಬಿರಿದಿದ್ದರೆ ಎಲೆಕ್ಟ್ರಿಷಿಯನ್‌ಗೇ ಕೊಡಿ.