ಭುಶಿಯ ಮೆಟ್ಟಿಲುಗಳು: ಜಾಗವನ್ನು ಓದುವ ಮನಶ್ಶಾಸ್ತ್ರ

2024ರ ಜೂನ್ 30, ಭಾನುವಾರ. ಮಹಾರಾಷ್ಟ್ರದ ಲೋಣಾವಳಾದ ಭುಶಿ ಅಣೆಕಟ್ಟೆಯ ಹಿನ್ನೀರಿಗೆ ಬೀಳುವ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ನಾಲ್ವರು ಮಕ್ಕಳು. ನಡುಬಂಡೆಯ ಮೇಲೆ ಒಬ್ಬರನ್ನೊಬ್ಬರು ತಬ್ಬಿ ನಿಂತವರನ್ನು ನೀರು ಎಳೆದೊಯ್ದ ವಿಡಿಯೊವನ್ನು ದೇಶವೆಲ್ಲ ನೋಡಿತು. ಇಂಥದ್ದನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, ‘ಇವರಿಗೆ ಬುದ್ಧಿ ಬೇಡವೆ?’

ಸಮುದಾಯ ಮನಶ್ಶಾಸ್ತ್ರ ಈ ಮಾತನ್ನು ಪಕ್ಕಕ್ಕಿಟ್ಟು, ಆ ಜಾಗ ಜನರಿಂದ ಏನು ಮಾಡಿಸುತ್ತದೆ ಎಂದು ಕೇಳುತ್ತದೆ. 1965ರಲ್ಲಿ ಅಮೆರಿಕದ ಸ್ವಾಂಪ್‌ಸ್ಕಾಟ್‌ನಲ್ಲಿ ನಡೆದ ಸಮ್ಮೇಳನದಿಂದ ಈ ಶಾಖೆಗೆ ಹೆಸರು ಬಂತು, ಆದರೆ ಬೇರು ಇನ್ನೂ ಹಿಂದಿನದು. ಕ್ಯಾನ್ಸಸ್‌ನ ಆಸ್ಕಲೂಸಾ ಎಂಬ ಪುಟ್ಟ ಊರಿನಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ಕರ್ 1947ರಿಂದ ಮಕ್ಕಳ ದಿನಚರಿಯನ್ನು ವರ್ಷಗಟ್ಟಲೆ ಬರೆದಿಟ್ಟರು. ಮಗುವಿನ ಸ್ವಭಾವ ಗೊತ್ತಿದ್ದರೆ ಅದರ ನಡತೆ ಎಷ್ಟು ತಿಳಿಯುತ್ತದೋ, ಅದಕ್ಕಿಂತ ಹೆಚ್ಚು ಅದು ಈಗ ಎಲ್ಲಿದೆ ಎಂಬುದರಿಂದ ತಿಳಿಯುತ್ತದೆ ಎಂಬುದು ಅವರು ಕಂಡದ್ದು. ತರಗತಿಯಲ್ಲಿ ತೆಪ್ಪಗಿರುವ ಹುಡುಗನೇ ಆಟದ ಬಯಲಿನಲ್ಲಿ ಅರಚುತ್ತಾನೆ.

ಈಗ ಭುಶಿಯನ್ನು ನೋಡಿ. ಬ್ರಿಟಿಷರ ಕಾಲದಲ್ಲಿ ಉಗಿಬಂಡಿಗಳಿಗೆ ನೀರೊದಗಿಸಲು ರೈಲ್ವೆ ಕಟ್ಟಿಸಿದ ಕಟ್ಟೆ ಇದು. ಉಗಿಬಂಡಿ ಹೋಯಿತು, ಕಟ್ಟೆ ಉಳಿಯಿತು, ಮುಂಬಯಿ–ಪುಣೆಯ ಜನ ಬಂದರು. ಕಟ್ಟೆ ತುಂಬಿ ಹರಿದಾಗ ಮೆಟ್ಟಿಲುಗಳ ಮೇಲೆ ನೀರು ಹಾಲಿನಂತೆ ಇಳಿಯುತ್ತದೆ. ಮೆಟ್ಟಿಲು ಇದ್ದ ಮೇಲೆ ಕೂರದವರುಂಟೆ? ನೂರು ಜನ ಕೂತಿದ್ದರೆ ನೂರೊಂದನೆಯವರಿಗೆ ಅದೇ ಧೈರ್ಯ. ಆ ಜನಜಂಗುಳಿಯೇ ‘ಇಲ್ಲಿ ಅಪಾಯವಿಲ್ಲ’ ಎಂಬ ಫಲಕವಾಗುತ್ತದೆ, ಪೊಲೀಸರ ಫಲಕ ಅದರ ಮುಂದೆ ಸಪ್ಪೆ. ಕಟ್ಟೆಯ ಹಿಂದಿರುವ ಜಲಪಾತದ ಕಥೆ ಇನ್ನೂ ಕಠಿಣ. ಸಹ್ಯಾದ್ರಿಯ ಅಂಚಿನ ಈ ಊರಿಗೆ ಸುರಿಯುವ ಮಳೆ ನಮ್ಮ ಮಲೆನಾಡಿನವರಿಗೆ ಹೊಸದಲ್ಲ: ಕಾಲ ಬುಡದಲ್ಲಿ ತುಂತುರಿರುವಾಗಲೇ ಮೇಲಿನ ಗುಡ್ಡದಲ್ಲಿ ಜಡಿಮಳೆ, ಕೆಲವೇ ನಿಮಿಷಗಳಲ್ಲಿ ಮೊಣಕಾಲಿನ ನೀರು ಸೊಂಟಕ್ಕೆ. ಪಾಚಿ ಹಿಡಿದ ಬಂಡೆಯ ಮೇಲೆ ಅಷ್ಟು ಸಾಕು. ಬಯಲುಸೀಮೆಯಿಂದ ಬಂದವರ ಕಣ್ಣಿಗೆ ಈ ಲೆಕ್ಕ ಕಾಣುವುದಿಲ್ಲ. ಅದು ಬುದ್ಧಿಯ ಕೊರತೆಯಲ್ಲ, ನೆಲದ ಪರಿಚಯದ ಕೊರತೆ.

ತಡೆಗಟ್ಟುವಿಕೆಯನ್ನು ಮನೋವೈದ್ಯ ಜೆರಾಲ್ಡ್ ಕ್ಯಾಪ್ಲನ್ 1964ರಲ್ಲಿ ಮೂರು ಹಂತವಾಗಿ ವಿಂಗಡಿಸಿದರು: ತೊಂದರೆ ಹುಟ್ಟದಂತೆ ನೋಡುವುದು, ಹುಟ್ಟಿದ್ದನ್ನು ಬೇಗ ಹಿಡಿಯುವುದು, ಆದ ಹಾನಿ ಬೆಳೆಯದಂತೆ ತಡೆಯುವುದು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಸಿಗುವಂತೆ ಮಾಡಿದ್ದು ಹೆಚ್ಚಾಗಿ ಎರಡನೆಯ ಹಂತದ ಕೆಲಸ. ಭುಶಿಯಲ್ಲಿ ದುರಂತದ ನಂತರ ಪುಣೆ ಜಿಲ್ಲಾಡಳಿತ ಆಳ ನೀರಿಗಿಳಿಯುವುದನ್ನು, ಅಪಾಯದ ತಾಣದಲ್ಲಿ ಸೆಲ್ಫಿ ತೆಗೆಯುವುದನ್ನು ನಿಷೇಧಿಸಿತು. ಸಂಜೆಯ ಮೇಲೆ ಪ್ರವೇಶಕ್ಕೂ ತಡೆ ಬಿತ್ತು. ಸಂಜೆಯ ತಡೆ ಮೊದಲ ಹಂತಕ್ಕೆ ಸೇರುತ್ತದೆ, ಸರಿ. ಆದರೆ ದುರಂತ ನಡೆದದ್ದು ಹಾಡುಹಗಲಲ್ಲಿ. ಸೆಲ್ಫಿ ನಿಷೇಧವಂತೂ ನನ್ನ ಮಟ್ಟಿಗೆ ಬರೀ ಕಾಗದದ ಬೇಲಿ.

ಬೇಲಿ ಎಲ್ಲಿ ಹಾಕಬೇಕೆಂಬುದಕ್ಕೆ ಪಾಠ ಲೋಣಾವಳಾದ ಮಗ್ಗುಲಲ್ಲೇ ಇದೆ. ಇಲ್ಲಿಂದ ಬೋರ್ ಘಾಟ್ ಇಳಿಯುವ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 2016ರಲ್ಲಿ 151 ಜನ ಸತ್ತರು. ಅದೇ ವರ್ಷ ರಸ್ತೆ ಸುರಕ್ಷತೆಯ ಸಂಸ್ಥೆ ಸೇವ್‌ಲೈಫ್ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ ಸೇರಿ ಕೆಲಸ ಶುರುಮಾಡಿತು. ಚಾಲಕರಿಗೆ ಬುದ್ಧಿ ಹೇಳುವುದರಲ್ಲೇ ನಿಲ್ಲದೆ ರಸ್ತೆಯನ್ನೇ ಓದಿದರು: ಡಿಕ್ಕಿ ಹೊಡೆದರೆ ಕೊಲ್ಲುವಂಥವು ಎಲ್ಲಿವೆ, ತಡೆಬೇಲಿ ಎಲ್ಲಿಲ್ಲ, ಗಾಯಾಳುವಿಗೆ ನೆರವು ಎಷ್ಟು ಹೊತ್ತಿಗೆ ತಲುಪುತ್ತದೆ. ಕೆಲವೇ ವರ್ಷಗಳಲ್ಲಿ ಸಾವು ಅರ್ಧಕ್ಕಿಂತ ಕಡಿಮೆಯಾಯಿತು.

ಜಲಪಾತಕ್ಕೆ ಹೆದ್ದಾರಿಯಂತೆ ಒಬ್ಬ ಯಜಮಾನನಿಲ್ಲ. ಕಟ್ಟೆ ರೈಲ್ವೆಯದು, ಸುತ್ತಲ ಕಾಡು ಅರಣ್ಯ ಇಲಾಖೆಯದು, ಜನಜಂಗುಳಿ ಪೊಲೀಸರ ಪಾಲಿಗೆ. ಸಮುದಾಯವನ್ನು ಜೀವಪರಿಸರದಂತೆ ನೋಡಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೆಲ್ಲಿ, ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಅಲುಗುತ್ತದೆ ಎಂದರು. 2024ರ ನಂತರ ಅಲ್ಲಿನ ಅನಧಿಕೃತ ಅಂಗಡಿಗಳನ್ನು ತೆರವು ಮಾಡಿದರು. ಗದ್ದಲ ಇಳಿಯಿತು, ನಿಜ. ಆದರೆ ಜೋಳದ ತೆನೆ ಸುಡುತ್ತ, ಭಜಿ ಕರಿಯುತ್ತ ದಿನವಿಡೀ ಆ ನೀರನ್ನೇ ನೋಡುತ್ತಿದ್ದವರೂ ಆ ಅಂಗಡಿಯವರೇ. ನೀರಿನ ಬಣ್ಣ ಕೆಂಪಗಾದರೆ ಏನರ್ಥವೆಂದು ಗೊತ್ತಿರುವುದು ಅಂಥವರಿಗೆ.

ಇರುವ ಬಲವನ್ನು ಮೊದಲು ಹುಡುಕಿ ಎಂಬುದು ಕೆಲ್ಲಿಯ ಇನ್ನೊಂದು ಸೂತ್ರ. ಲೋಣಾವಳಾದಲ್ಲಿ ಅದನ್ನು ದೂರ ಹುಡುಕಬೇಕಿಲ್ಲ. ಕೋಟೆ ಹತ್ತುವ ಹವ್ಯಾಸದ ಸ್ಥಳೀಯರ ಶಿವದುರ್ಗ ಮಿತ್ರ ತಂಡ ಕಣಿವೆಗೆ ಬಿದ್ದವರನ್ನು, ನೀರಿಗೆ ಸಿಕ್ಕವರನ್ನು ಮೇಲೆತ್ತಲು ಹಗ್ಗ ಹಿಡಿದು ಓಡುತ್ತದೆ. ಇಂದು ಅವರನ್ನು ಕರೆಯುವುದು ಬಹುಮಟ್ಟಿಗೆ ಮೂರನೆಯ ಹಂತದಲ್ಲಿ, ಅನಾಹುತ ಆದ ಮೇಲೆ. ಮಳೆಗಾಲದ ಶನಿವಾರ ಬೆಳಿಗ್ಗೆಯೇ ಅವರನ್ನೂ ಒಬ್ಬ ತೆನೆ ಮಾರುವವನನ್ನೂ ಮೇಲಿನ ಗುಡ್ಡದಲ್ಲಿ ಒಂದು ಸೀಟಿ ಕೊಟ್ಟು ನಿಲ್ಲಿಸಲು ಮೂರೂ ಇಲಾಖೆಗಳು ಒಂದೇ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ.