ಮುಖ್ಯ ಶಿಕ್ಷಕಿಗೆ ಊರನ್ನೂ ಓದಲು ಬರಬೇಕು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯ ಕುರ್ಚಿಯಲ್ಲಿ ಕೂತವರಿಗೆ ಹೊಣೆ ಬಹಳ, ಅಧಿಕಾರ ತೀರಾ ಕಡಿಮೆ. ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆಗುತ್ತದೆ. ನಳದ ನೀರು ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ಹೊಸ ಕೊಠಡಿ ಬೇಕೆಂದರೆ ಜಿಲ್ಲಾ ಪಂಚಾಯಿತಿಗೋ ಶಾಸಕರಿಗೋ ಮನವಿ ಹೋಗಬೇಕು. ಮೈದಾನದ ಗಡಿ ಎಲ್ಲಿದೆ ಎಂದು ಹೇಳಬೇಕಾದವರು ಸರ್ವೆಯವರು. ಆದರೆ ಮಗುವಿಗೆ ನೀರಿಲ್ಲದಿದ್ದರೆ, ಮಾಡು ಸೋರಿದರೆ ಊರು ಕೇಳುವುದು ನಮ್ಮನ್ನೇ. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಈ ಕೆಲಸ ಮಾಡಿ ನಿವೃತ್ತಳಾದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಯಾರಿಗೆ ಏನು ಬೇಕಾಗಿದೆ, ಯಾರ ಮಾತಿಗೆ ಯಾರು ತಲೆಬಾಗುತ್ತಾರೆ, ಯಾರು ಯಾರ ಮುಂದೆ ಬಾಯಿ ಬಿಡುವುದಿಲ್ಲ ಎಂಬುದನ್ನು ಅರಿತು, ಆ ಅರಿವನ್ನು ಮಕ್ಕಳ ಕೆಲಸಕ್ಕೆ ಬಳಸುವ ರಾಜಕೀಯ ಜಾಣ್ಮೆಯೂ ಪಾಠ ಮಾಡುವಷ್ಟೇ ಮುಖ್ಯವಾದ ಕಸುಬು.

ಈ ಮಾತು ಕೇಳಿದರೆ ಬಹಳ ಶಿಕ್ಷಕರು ಹಿಂದೆ ಸರಿಯುತ್ತಾರೆ. ಸರ್ಕಾರಿ ನೌಕರರು ಪಕ್ಷ ರಾಜಕೀಯ ಮಾಡಬಾರದು ಎಂದು ನಡತೆ ನಿಯಮಗಳೇ ಹೇಳುತ್ತವೆ, ಅದು ಸರಿಯೂ ಹೌದು. ಆದರೆ ಶಾಲೆ ಊರಿನ ನಡುವೆಯೇ ಇದೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಆಯ್ಕೆ ಬಂದರೆ ಪಂಚಾಯಿತಿ ಚುನಾವಣೆಯ ಎರಡೂ ಗುಂಪು ಶಾಲೆಯ ಪಡಸಾಲೆಗೆ ಬಂದು ಕೂರುತ್ತವೆ. ಆಗಸ್ಟ್ ಹತ್ತಿರವಾದರೆ "ಅಕ್ಕೋರ, ಈ ಸಲ ಧ್ವಜಾ ಯಾರ ಕೈಲೆ ಏರಸ್ತೀರಿ?" ಎಂಬ ಪ್ರಶ್ನೆ ಬರುತ್ತದೆ. ಶಾಲಾ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಒಂದು ಹೆಸರು ಮೇಲೆ ಕೆಳಗೆ ಆದರೆ ಬಿಇಒ ಕಚೇರಿಯವರೆಗೆ ದೂರು ಹೋಗುತ್ತದೆ. ನಾನು ರಾಜಕೀಯಕ್ಕೆ ಹೋಗುವುದಿಲ್ಲ ಎಂದರೆ ಅದು ತಾನೇ ಶಾಲೆಗೆ ಬರುತ್ತದೆ.

ನಾನಿದ್ದ ಒಂದು ಶಾಲೆಗೆ ಕಾಂಪೌಂಡ್ ಇರಲಿಲ್ಲ. ಶಾಲೆಯ ಜಾಗದಲ್ಲಿ ಊರವರ ಬಣವೆ, ತಿಪ್ಪೆ. ಉದ್ಯೋಗ ಖಾತ್ರಿಯಲ್ಲಿ ಶಾಲಾ ಕಾಂಪೌಂಡ್ ಕಟ್ಟಲು ಅವಕಾಶವಿತ್ತು, ಆದರೂ ಪಂಚಾಯಿತಿಯ ಪ್ರತಿ ವರ್ಷದ ಕ್ರಿಯಾ ಯೋಜನೆಯಲ್ಲಿ ಅದು ಬಿಟ್ಟುಹೋಗುತ್ತಿತ್ತು. ಕಾರಣ ಹುಡುಕುತ್ತ ಹೋದರೆ ಗೊತ್ತಾಯಿತು: ಬಣವೆಗಳು ಎರಡೂ ಗುಂಪಿನವರದಿದ್ದವು. ಹೊರಗೆ ಜಗಳ ಆಡುವವರು ಈ ಒಂದು ವಿಷಯದಲ್ಲಿ ಮಾತ್ರ ಸುಮ್ಮನಿದ್ದರು. ಒಂದು ಗುಂಪಿನವರಿಗೆ ಮೊದಲು ಹೇಳಿದ್ದರೆ, ಇನ್ನೊಬ್ಬರ ಕಡೆಯವಳು ಎಂಬ ಹೆಸರು ನನಗೆ ಅಂಟುತ್ತಿತ್ತು. ಆದ್ದರಿಂದ ಮೊದಲು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ ನಕ್ಷೆ ತರಿಸಿಕೊಂಡೆ. ಆಮೇಲೆ ಎರಡೂ ಕಡೆಯ ಹಿರಿಯರ ಮನೆಗೆ ಹೋಗಿ ಅದೇ ನಕ್ಷೆ ತೋರಿಸಿ, ಅದೇ ಮಾತು ಹೇಳಿದೆ: ಸುಗ್ಗಿಯ ಹೊಟ್ಟು ಮುಗಿಯುವವರೆಗೆ ಬಣವೆ ಇರಲಿ, ಹೊಸದು ಒಟ್ಟುವುದು ಬೇಡ.

ಅಷ್ಟಾದರೂ ಪಂಚಾಯಿತಿ ಕದಲಲಿಲ್ಲ. ಕದಲಿಸಿದ್ದು ಮಕ್ಕಳ ಗ್ರಾಮಸಭೆ. ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಅದನ್ನು ನಡೆಸಬೇಕು. ಅಲ್ಲಿ ಏನು ಕೇಳಬೇಕೆಂದು ಮಕ್ಕಳಿಗೆ ಕಲಿಸಿಕೊಡುವುದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬಿದವಳು. ಯಾರು ಬೇಕಾದರೂ ಕೇಳಬಹುದು ಎಂದಷ್ಟೇ ತರಗತಿಯಲ್ಲಿ ಹೇಳಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ನಾವು ಪಾಯಖಾನಿಗೆ ಹ್ವಾದ್ರ ರಸ್ತೆದಾಗ ನಿಂತವ್ರಿಗೆ ಕಾಣತೈತ್ರಿ" ಎಂದಳು. ಸಭೆಯಲ್ಲಿ ಅವಳ ಅಪ್ಪನೂ ಇದ್ದ, ಬಣವೆಯವರೂ ಇದ್ದರು. ಪಿಡಿಒ ಅದನ್ನು ನಡಾವಳಿಯಲ್ಲಿ ಬರೆಯಲೇಬೇಕಾಯಿತು. ಬರೆದದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ಮುಂದಿನ ಕ್ರಿಯಾ ಯೋಜನೆಯಲ್ಲಿ ಕಾಂಪೌಂಡ್ ಬಂತು.

ಅಮೆರಿಕದ ಸಂಶೋಧಕ ಗೆರಾಲ್ಡ್ ಫೆರಿಸ್ ಮತ್ತು ಸಂಗಡಿಗರು 2005ರಲ್ಲಿ ಇಂಥ ರಾಜಕೀಯ ಜಾಣ್ಮೆಯನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ನಾಲ್ಕು ಗುಣಗಳಿವೆ: ಜನರನ್ನು ಅರಿಯುವುದು, ಎದುರಿನವರ ಮನ ಒಲಿಸುವುದು, ಸಂಪರ್ಕ ಬೆಳೆಸುವುದು, ಪ್ರಾಮಾಣಿಕರಾಗಿ ಕಾಣುವುದು. ಮೊದಲ ಮೂರನ್ನು ಒಪ್ಪುತ್ತೇನೆ. ಆದರೆ ಹಳ್ಳಿಯ ಶಾಲೆಯಲ್ಲಿ ಕಾಣುವುದಷ್ಟೇ ಸಾಲದು. ನಾವು ಆಡಿದ್ದು, ಮಾಡಿದ್ದು ಎಲ್ಲವನ್ನೂ ಮಕ್ಕಳು ಸಂಜೆಗೆ ಮನೆಗೆ ಒಯ್ಯುತ್ತಾರೆ. ಒಬ್ಬರ ಪಡಸಾಲೆಯಲ್ಲಿ ಹೇಳಿದ್ದನ್ನು ತುಂಬಿದ ಸಭೆಯಲ್ಲೂ ಹೇಳಲು ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಆಗುವುದಿಲ್ಲ ಎಂದಾದರೆ ಅದು ಓಲೈಕೆ. ಬಿಸಿಯೂಟದ ಅಡುಗೆಗೆ ತಮ್ಮವಳನ್ನೇ ಹಾಕಿದರೆ ಕೊಠಡಿಯ ದುಡ್ಡು ತರುತ್ತೇವೆ ಎಂದವರೊಬ್ಬರಿಗೆ ನಾನು ಒಲ್ಲೆ ಎಂದಿದ್ದೆ. ಕೊಠಡಿ ತಡವಾಯಿತು. ಆದರೆ ಆಮೇಲೆ ಅಂಥ ಮಾತು ತೆಗೆದುಕೊಂಡು ಯಾರೂ ಬರಲಿಲ್ಲ.

ತರಬೇತಿಗಳಲ್ಲಿ ನಗದು ಪುಸ್ತಕ ಬರೆಯುವುದನ್ನು, ಆನ್‌ಲೈನ್ ಮಾಹಿತಿ ತುಂಬುವುದನ್ನು ಕಲಿಸುತ್ತಾರೆ. ಊರಿನೊಂದಿಗೆ ವ್ಯವಹರಿಸುವುದನ್ನು ನಮ್ಮ ಪಾಡಿಗೆ ಬಿಡುತ್ತಾರೆ. ಹೊಸದಾಗಿ ಮುಖ್ಯ ಶಿಕ್ಷಕರಾದವರು ಫೋನ್ ಮಾಡಿದರೆ ನಾನು ಮೊದಲು ಹೇಳುವುದು, ಹಳೆಯ ಎಸ್‌ಡಿಎಂಸಿ ನಡಾವಳಿ ಪುಸ್ತಕ ಓದಿ ಎಂದು. ಯಾವ ಠರಾವು ಮತ್ತೆ ಮತ್ತೆ ಬಂದು ನಿಂತುಹೋಗಿದೆ, ಯಾರು ಸೂಚಿಸಿದಾಗ ಯಾರು ಅನುಮೋದಿಸಿದ್ದಾರೆ ಎಂಬುದು ಅಲ್ಲಿರುತ್ತದೆ. ಸದಸ್ಯರಾಗಿಯೂ ಸಹಿ ಇಲ್ಲದವರು ಯಾರು ಎಂಬುದನ್ನು ವಿಶೇಷವಾಗಿ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಾನು ನೋಡಿದ ಪುಸ್ತಕಗಳಲ್ಲಿ ಸಹಿ ಇಲ್ಲದವರು ಹೆಚ್ಚಾಗಿ ತಾಯಂದಿರೇ. ಅವರ ಬದಲಿಗೆ ಗಂಡಂದಿರು ಬಂದು ಕೂರುತ್ತಿದ್ದರು. ಹೊಲದ ಕೆಲಸ ಮುಗಿಯುವ ಹೊತ್ತಿಗೆ ಸಭೆ ಇಟ್ಟು, ನಾನೇ ಓಣಿಗೆ ಹೋಗಿ ಕರೆದ ಮೇಲೆ ಅವರು ಬಂದರು. ಮೊಟ್ಟೆ ಕೊಡುವ ದಿನ ಎಣಿಕೆ ಸರಿಯಿದೆಯೇ, ಬೇಡ ಎಂದ ಮಕ್ಕಳಿಗೆ ಬಾಳೆಹಣ್ಣು ನಿಜವಾಗಿ ಸಿಗುತ್ತಿದೆಯೇ ಎಂದು ಮೊದಲು ಕೇಳಿದವರು ಅವರೇ.